ಆಟಕ್ಕುಂಟು, ಲೆಕ್ಕಕ್ಕಿಲ್ಲ ಎನಿಸಿಕೊಂಡವರು

(ಅರಸೀಕೆರೆಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ನೀಡಿದ ಉಪನ್ಯಾಸ)

 

ಇವತ್ತು ನನಗೆ ಕೊಟ್ಟಿರುವ ವಿಷಯ ‘ಯುವಜನರಿಗೆ ಸ್ಫೂರ್ತಿ’. ವಿಷಯ ದೊಡ್ಡದು. ನಾನು ಮೂವತ್ತೈದು ವರ್ಷಕ್ಕೂ ಮಿಕ್ಕಿ ಕೆರೆ, ಕಾಲುವೆ, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದವನು. ದೊಡ್ಡದನ್ನು ಸಣ್ಣ ಅಳತೆಗೆ ಇಳಿಸಿಕೊಳ್ಳದೆ ನನಗೆ ಮಾತಾಡಲು ಬಾರದು. ಆದ್ದರಿಂದ ಪ್ರಸಾದ ನಿಲಯದ ಸಮಿತಿಯ ಮುಂದೆ ಬಂದಿರುವ ಒಂದು ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಭಕ್ತರೊಬ್ಬರು ಮಕ್ಕಳ ಏಳಿಗೆಗೆಂದು ಒಂದಿಷ್ಟು ಹಣ ಕೊಟ್ಟಿದ್ದಾರೆ. ಆ ಹಣದಲ್ಲಿ ದೊಡ್ಡ ಪರದೆ, ಪ್ರೊಜೆಕ್ಟರ್ ತಂದು ಮಕ್ಕಳಿಗೆ ಒಳ್ಳೆಯ ಸಿನಿಮಾ ತೋರಿಸೋಣ ಎನ್ನುವುದು ಕೆಲವರ ಅಭಿಪ್ರಾಯ. ‘ಲಗಾನ್’, ‘ಚಕ್ ದೇ ಇಂಡಿಯಾ’, ‘83’ರಂಥ ಚಿತ್ರಗಳು, ಯಾರೂ ಲೆಕ್ಕಕ್ಕೆ ಇಡದವರು ಕೊನೆಗೆ ಗೆದ್ದು ತೋರಿಸುವ ಕಥೆಗಳು. ಅದರ ಬದಲು ನಿಲಯದ ಹಿಂದಿನ ಬಯಲನ್ನು ಹಸನು ಮಾಡಿ ಆಟದ ಅಂಗಳ ಮಾಡೋಣ ಎನ್ನುವುದು ಇನ್ನು ಕೆಲವರ ಅಭಿಪ್ರಾಯ. ಎರಡಕ್ಕೂ ಸಾಲುವಷ್ಟು ಹಣವಿಲ್ಲ. ಯಾವುದು ಮೊದಲು?

ನಮ್ಮಲ್ಲಿ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡ ಹುಡುಗರು ಆಡುವಾಗ ಅಳುತ್ತಾ ಬಂದ ಚಿಕ್ಕವನನ್ನು ಸೇರಿಸಿಕೊಳ್ಳುತ್ತಾರೆ. ಅವನು ಓಡಬಹುದು, ಕೂಗಬಹುದು, ಅವನ ಪಾಯಿಂಟು ಮಾತ್ರ ಎಣಿಕೆಗಿಲ್ಲ. ಸಮಾಜದಲ್ಲಿ ಎಷ್ಟೋ ಜನರ ಬದುಕು ಹೀಗೇ ಕಳೆದಿದೆ. ಅಂಥವನು ಒಂದು ದಿನ ಎಣಿಕೆಗೆ ಬಂದರೆ ನೋಡುವವರ ಎದೆ ಉಬ್ಬುತ್ತದೆ. ಈ ಎದೆ ಉಬ್ಬುವುದು ತೆರೆಯ ಮೇಲೆ ಹೇಗೆ, ಕಣದಲ್ಲಿ ಹೇಗೆ, ಯಾವುದು ಮಕ್ಕಳಲ್ಲಿ ಉಳಿಯುತ್ತದೆ ಎನ್ನುವುದೇ ಇವತ್ತಿನ ವಿಚಾರ.

ಮೊದಲು ಸಿನಿಮಾಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಭಾರತ ಮತ್ತು ಜಿಂಬಾಬ್ವೆ ನಡುವೆ ವಿಶ್ವಕಪ್ ಪಂದ್ಯ. ನಮ್ಮವರು 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡರು. ಅಲ್ಲಿಂದ ಕಪಿಲ್ ದೇವ್ ಆಟ ಶುರುವಾಯಿತು. ಮೊದಲು ಜೊತೆಗೆ ನಿಂತವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ, 22 ರನ್. 140ಕ್ಕೆ ಎಂಟು ವಿಕೆಟ್ ಹೋದ ಮೇಲೆ ಬಂದವರು ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಕಪಿಲ್ 175 ಹೊಡೆದು ಔಟಾಗದೆ ಉಳಿದರು. ಅದು ಆಗ ಒಂದು ದಿನದ ಪಂದ್ಯಗಳಲ್ಲಿ ವಿಶ್ವದಾಖಲೆ. ಕಿರ್ಮಾನಿ 24 ರನ್ ಮಾಡಿ ಔಟಾಗದೆ ನಿಂತರು. ಇಬ್ಬರೂ ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಸೇರಿಸಿದರು. ಭಾರತ 31 ರನ್ನುಗಳಿಂದ ಗೆದ್ದಿತು.

ಈ ಪಂದ್ಯದ ಟೀವಿ ಚಿತ್ರಣ ಇಲ್ಲ. ಬಿಬಿಸಿ ಅದನ್ನು ಚಿತ್ರೀಕರಿಸಲೇ ಇಲ್ಲ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಎಂಜಿನಿಯರ್, ಕಾಲುವೆ ಕೆಲಸದ ಕ್ಯಾಂಪಿನಲ್ಲಿದ್ದೆ. ಸಂಜೆ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿ ಆ ಅಂಕಿಗಳನ್ನು ಓದಿ, ಮುದ್ರಣದ ತಪ್ಪೇನೋ ಎಂದು ಇಬ್ಬರು ಮೂವರು ಸೇರಿ ಮತ್ತೆ ಮತ್ತೆ ಕೂಡಿ ನೋಡಿದೆವು. ಮುಂದಿನ ವಾರ, ಜೂನ್ 25ರ ರಾತ್ರಿ, ಲಾರ್ಡ್ಸ್ ಮೈದಾನದಲ್ಲಿ 183ಕ್ಕೆ ಔಟಾದ ಭಾರತ ಎರಡು ಸಲದ ವಿಶ್ವವಿಜೇತ ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿದ್ದನ್ನು ಟ್ರಾನ್ಸಿಸ್ಟರಿನಲ್ಲಿ ಕೇಳಿದೆವು. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ವಿಕೆಟ್, ಹದಿನೆಂಟು, ತೆಗೆದವರು ಅದೇ ರೋಜರ್ ಬಿನ್ನಿ.

ಮೂವತ್ತೆಂಟು ವರ್ಷಗಳ ನಂತರ, 2021ರ ಡಿಸೆಂಬರಿನಲ್ಲಿ ‘83’ ಸಿನಿಮಾ ಬಂತು. ಯಾವ ಕ್ಯಾಮೆರಾವೂ ಉಳಿಸಿಕೊಳ್ಳದ ಟನ್‌ಬ್ರಿಜ್ ವೆಲ್ಸ್ ಪಂದ್ಯವನ್ನು ನನ್ನ ಮೊಮ್ಮಕ್ಕಳು ಆ ತೆರೆಯ ಮೇಲೆ ನೋಡಿದರು. ಇದು ಸಿನಿಮಾದಿಂದ ಮಾತ್ರ ಆಗುವ ಕೆಲಸ. ಅದು ಕಳೆದುಹೋದದ್ದನ್ನು ಕಟ್ಟಿಕೊಡುತ್ತದೆ. ಡ್ರೆಸ್ಸಿಂಗ್ ರೂಮಿನ ಒಳಗೆ, ಆಟಗಾರನ ಮನೆಯ ಒಳಗೆ, ಅವನ ಹೆದರಿಕೆಯ ಒಳಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಮೈದಾನದ ಬದಿಯಲ್ಲಿ ಕುಳಿತವನಿಗೆ ಅದು ಕಾಣುವುದಿಲ್ಲ.

ಇನ್ನೊಂದು ಉಪಕಾರವನ್ನೂ ಹೇಳಬೇಕು. 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಪದಕ ತಂದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಹೆಸರು ಗೊತ್ತಿರುವವರು ಕೈ ಎತ್ತಿ. ಇಷ್ಟು ಜನರಲ್ಲಿ ಮೂರೇ ಕೈ. ಹುಟ್ಟಿನಿಂದಲೇ ಕಾಲಿನ ತೊಂದರೆ ಇದ್ದ ಹಳ್ಳಿಯ ಹುಡುಗ ಅಷ್ಟೆತ್ತರ ಹಾರಿದ್ದು ನಮಗೆ ಗೊತ್ತಿಲ್ಲ. ದೊಡ್ಡ ಪಂದ್ಯಗಳಲ್ಲಿ ಯಾರು ಎಷ್ಟು ಸಿಕ್ಸರ್ ಹೊಡೆದರು ಎಂಬುದು ಎಲ್ಲರಿಗೂ ಬಾಯಿಪಾಠ. ಎಲ್ಲರ ಕಣ್ಣು ಬೀಳದ ಇಂಥವರ ಕಥೆಯನ್ನು ಮನೆಮನೆಗೆ ಮುಟ್ಟಿಸುವ ಶಕ್ತಿ ಸಿನಿಮಾಕ್ಕಿದೆ. ಹಾಗಾಗಿ ಸಿನಿಮಾ ಬೇಡವೆಂದು ಹೇಳಲು ನಾನು ನಿಂತಿಲ್ಲ.

ಆದರೆ ಸಿನಿಮಾದ ಒಂದು ಗುಣವನ್ನು ಗಮನಿಸಬೇಕು. ಅಲ್ಲಿ ಗೆಲುವು ಮೊದಲೇ ಬರೆದಿಟ್ಟದ್ದು. ನಾಯಕ ಏಟು ತಿನ್ನುತ್ತಿರುವಾಗಲೂ ಪ್ರೇಕ್ಷಕನಿಗೆ ಒಳಗೊಳಗೇ ಧೈರ್ಯ. ಇನ್ನರ್ಧ ಗಂಟೆ ಕಾದರೆ ಇವನು ಏಳುತ್ತಾನೆ ಎಂದು ಗೊತ್ತು. ಗೆದ್ದ ಕೂಡಲೇ ಕಥೆ ಮುಗಿಯುತ್ತದೆ. ಮರುದಿನ ಏನಾಯಿತು ಎಂದು ಅದು ಹೇಳುವುದಿಲ್ಲ.

‘ಲಗಾನ್’ ಚಿತ್ರವನ್ನೇ ತೆಗೆದುಕೊಳ್ಳಿ. 2001ರ ಜೂನಿನಲ್ಲಿ ಬಂದದ್ದು. ಕಥೆ ನಡೆಯುವುದು 1893ರಲ್ಲಿ, ಚಂಪಾನೇರ್ ಎಂಬ ಹಳ್ಳಿಯಲ್ಲಿ. ಮಳೆಯಿಲ್ಲ, ಬೆಳೆಯಿಲ್ಲ, ಕಂದಾಯ ಕಟ್ಟುವ ಶಕ್ತಿಯಿಲ್ಲ. ಬಿಳಿಯರನ್ನು ಕ್ರಿಕೆಟ್ಟಿನಲ್ಲಿ ಸೋಲಿಸಿದರೆ ಕಂದಾಯ ಮಾಫಿ. ಊರ ತಂಡಕ್ಕೆ ಕಚ್ರಾ ಎಂಬ ಅಸ್ಪೃಶ್ಯ ಯುವಕನನ್ನು ಸೇರಿಸಿಕೊಳ್ಳಲು ನಾಯಕ ಭುವನ್ ಮುಂದಾದಾಗ ಊರವರು ಆಡುವುದಿಲ್ಲವೆಂದು ದೂರ ಸರಿಯುತ್ತಾರೆ. ಭುವನ್ ಮಾತಾಡಿ ಅವರ ಮನಸ್ಸು ತಿರುಗಿಸುತ್ತಾನೆ. ಕಚ್ರಾನ ಊನವಾದ ಕೈಯಿಂದ ಚೆಂಡು ತಾನಾಗಿ ತಿರುಗುತ್ತದೆ, ಅವನು ಹ್ಯಾಟ್ರಿಕ್ ತೆಗೆಯುತ್ತಾನೆ. ಊರು ಗೆಲ್ಲುತ್ತದೆ, ಮಳೆಯೂ ಬರುತ್ತದೆ. ನೋಡಿದವರ ಕಣ್ಣು ತುಂಬಿ ಬಂದದ್ದು ಸಹಜ. ಒಂದು ಸಂಜೆಯ ಮಾತಿನಲ್ಲಿ ಅಸ್ಪೃಶ್ಯತೆ ಕರಗಿದ್ದು ಮಾತ್ರ ಸಿನಿಮಾ.

ಈಗ ನಿಜವಾಗಿ ನಡೆದದ್ದನ್ನು ಕೇಳಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಎಂಬ ಎಡಗೈ ಸ್ಪಿನ್ ಬೌಲರ್ ಇದ್ದರು. ಜಾತಿಯಿಂದ ಚಮ್ಮಾರರು. ಸಿನಿಮಾದ ಕಥೆಗಿಂತ ಒಂದು ವರ್ಷ ಮೊದಲು, 1892ರಲ್ಲಿ, ಅವರು ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಕೆಲಸಗಾರ. ರೋಲರ್ ಎಳೆಯುವುದು, ಬಲೆ ಕಟ್ಟುವುದು, ಬಿಳಿಯ ಆಟಗಾರರ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆಯುವುದು. ಬ್ಯಾಟು ಹಿಡಿಯಲು ಅವರಿಗೆ ಯಾರೂ ಕೊಡುತ್ತಿರಲಿಲ್ಲ. ಎಸೆದೂ ಎಸೆದೂ ಅವರು ದೇಶದ ಶ್ರೇಷ್ಠ ಬೌಲರ್ ಆದರು. ಬಿಳಿಯರನ್ನು ಸೋಲಿಸಬೇಕೆಂಬ ಆಸೆಗೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವೇಳೆಗೆ ಮಾತ್ರ ಅವರಿಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರ ತಂಡವನ್ನು ಸೋಲಿಸಿತು. ಬಾಲೂ ಅದರ ದೊಡ್ಡ ಬಲ. ಸಿನಿಮಾ ಆಗಿದ್ದರೆ ಅಲ್ಲಿಗೆ ಮಳೆ ಬಂದು ತೆರೆ ಬೀಳಬೇಕಿತ್ತು. 1911ರಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸ ಹೋಯಿತು. ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಲೂ ಒಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಒಪ್ಪಿಸಲಿಲ್ಲ. ಅವರ ತಮ್ಮ ವಿಠ್ಠಲ ನಾಯಕನಾದದ್ದು 1923ರಲ್ಲಿ. 1906ರ ಗೆಲುವಿಗೂ ಆ ನಾಯಕತ್ವಕ್ಕೂ ನಡುವೆ ಹದಿನೇಳು ವರ್ಷ. ಚಳವಳಿ, ಪ್ರತಿಭಟನೆ, ಕಾಯುವಿಕೆ ಎಲ್ಲವೂ ಆ ಹದಿನೇಳು ವರ್ಷದಲ್ಲಿ ಇವೆ.

ಮಕ್ಕಳೇ, ನೀವು ಕಚ್ರಾನನ್ನು ನೋಡಿ ಚಪ್ಪಾಳೆ ತಟ್ಟಿ, ಆದರೆ ಬಾಲೂ ಅವರನ್ನು ತಿಳಿದುಕೊಳ್ಳಿ. ನಿಮ್ಮ ಮುಂದೆ ಇರುವ ದಾರಿ ಅವರ ದಾರಿಯಂತೆ ಉದ್ದವಾದದ್ದು. ಒಂದು ಪಂದ್ಯ ಗೆದ್ದರೆ ಜನ ಬದಲಾಗುವುದಿಲ್ಲ. ಗೆದ್ದ ಮೇಲೂ ಮಣ್ಣಿನ ಕುಡಿಕೆಯೇ ಎದುರಾದಾಗ ಮರುದಿನ ಮತ್ತೆ ಚೆಂಡು ಹಿಡಿಯುವವನು ಬದಲಾಯಿಸುತ್ತಾನೆ.

ಇನ್ನು ನೇರ ಆಟದ ವಿಷಯ. ‘ಲಗಾನ್’ ಬಿಡುಗಡೆಯಾದ ಅದೇ 2001ರಲ್ಲಿ, ಮೂರು ತಿಂಗಳು ಮೊದಲು, ಕೊಲ್ಕತ್ತಾದಲ್ಲಿ ಒಂದು ಟೆಸ್ಟ್ ಪಂದ್ಯ ನಡೆಯಿತು. ಆಸ್ಟ್ರೇಲಿಯಾ ಸತತ ಹದಿನಾರು ಟೆಸ್ಟ್ ಗೆದ್ದು ಬಂದಿತ್ತು. ಮುಂಬಯಿಯ ಮೊದಲ ಟೆಸ್ಟಿನಲ್ಲಿ ನಮ್ಮನ್ನು ಮೂರೇ ದಿನದಲ್ಲಿ ಹತ್ತು ವಿಕೆಟ್ಟುಗಳಿಂದ ಸೋಲಿಸಿತ್ತು. ಕೊಲ್ಕತ್ತಾದಲ್ಲಿ ಅವರು 445, ನಾವು 171. 274 ರನ್ ಹಿಂದೆ ಬಿದ್ದು ಫಾಲೋ ಆನ್. ಆಗ ತಂಡ ಒಂದು ಬದಲಾವಣೆ ಮಾಡಿತು. ಮೂರನೇ ಕ್ರಮಾಂಕಕ್ಕೆ ವಿ.ವಿ.ಎಸ್. ಲಕ್ಷ್ಮಣ್, ಅಲ್ಲಿ ಆಡುತ್ತಿದ್ದ ನಮ್ಮ ರಾಹುಲ್ ದ್ರಾವಿಡ್ ಆರನೇ ಕ್ರಮಾಂಕಕ್ಕೆ. ಹೆಸರಾದ ಆಟಗಾರನಿಗೆ ಜಾಗ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಬಿಟ್ಟುಕೊಟ್ಟವರಿಗೆ ಅದು ಗೊತ್ತು.

ಮಾರ್ಚ್ 14, ಬುಧವಾರ. ಬೆಳಿಗ್ಗೆ ನಾಲ್ಕು ವಿಕೆಟ್ಟಿಗೆ 254 ಇದ್ದದ್ದು ಸಂಜೆಗೆ ಅದೇ ನಾಲ್ಕು ವಿಕೆಟ್ಟಿಗೆ 589. ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ. ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರ ಜೊತೆಯಾಟ 376. ಮರುದಿನ ಭಾರತ 171 ರನ್ನುಗಳಿಂದ ಗೆದ್ದಿತು.

ಇದನ್ನು ಸಿನಿಮಾ ಮಾಡುವವರು ಏನು ಮಾಡುತ್ತಾರೆ? ಆ ಇಡೀ ದಿನವನ್ನು ಐದು ನಿಮಿಷಕ್ಕೆ ಇಳಿಸಿ, ಹಿಂದೆ ಒಂದು ಹಾಡು ಹಾಕುತ್ತಾರೆ. ಮಾಡಲೇಬೇಕು, ಇಡೀ ದಿನ ಯಾರು ನೋಡುತ್ತಾರೆ? ಆದರೆ ಆ ಇಡೀ ದಿನದಲ್ಲಿಯೇ ಎಲ್ಲ ಇತ್ತು. ಬಿಟ್ಟ ಚೆಂಡು, ತಡೆದ ಚೆಂಡು, ಬೆವರು, ನೀರು, ಮತ್ತೆ ಮುಂದಿನ ಚೆಂಡು. ಪ್ರತಿ ಚೆಂಡಿಗೂ ಔಟಾಗುವ ಸಾಧ್ಯತೆ ಇತ್ತು. ನೋಡುವವರಿಗೂ ಗೊತ್ತಿಲ್ಲ, ಆಡುವವರಿಗೂ ಗೊತ್ತಿಲ್ಲ. ಫಲ ಏನೆಂದು ತಿಳಿಯದೆ ಎದುರಿಗಿರುವ ಕೆಲಸವನ್ನು ಪೂರ್ತಿ ಮನಸ್ಸಿನಿಂದ ಮಾಡುವುದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಕಾಯಕ. ನೇರ ಆಟದಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಇಲ್ಲಿಯವರೆಗೆ ಗೆಲುವಿನ ಮಾತಾಯಿತು. ಕಣದಲ್ಲಿ ಲೆಕ್ಕಕ್ಕಿಲ್ಲದವರು ಸಾಮಾನ್ಯವಾಗಿ ಸೋಲುತ್ತಾರೆ. ಗೆದ್ದದ್ದು ಸುದ್ದಿಯಾಗುವುದು ಅದು ಅಪರೂಪವಾದ್ದರಿಂದ. ನನ್ನ ಇವತ್ತಿನ ಮುಖ್ಯ ಮಾತು ಇಲ್ಲಿಂದ ಶುರುವಾಗುತ್ತದೆ.

2007ರಲ್ಲಿ ‘ಚಕ್ ದೇ ಇಂಡಿಯಾ’ ಬಂತು. ಭಾರತದ ಮಹಿಳಾ ಹಾಕಿ ತಂಡ ವಿಶ್ವಕಪ್ ಗೆಲ್ಲುವ ಕಥೆ. ವಾಸ್ತವದಲ್ಲಿ ನಮ್ಮ ಮಹಿಳಾ ತಂಡ ವಿಶ್ವಕಪ್ ಗೆದ್ದಿಲ್ಲ. 2021ರ ಟೋಕಿಯೊ ಒಲಿಂಪಿಕ್ಸಿಗೆ ಹೋದ ತಂಡ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಸಾಯ್ ಕೇಂದ್ರದ ಶಿಬಿರದಲ್ಲಿ ತಯಾರಾದ ತಂಡ. ನಾಯಕಿ ರಾಣಿ ರಾಂಪಾಲ್ ಗಾಡಿ ಎಳೆಯುವವರ ಮಗಳು. ಅವರು ಮೊದಲ ಮೂರು ಪಂದ್ಯಗಳನ್ನೂ ಸೋತರು: ನೆದರ್‌ಲ್ಯಾಂಡ್ಸ್, ಜರ್ಮನಿ, ಬ್ರಿಟನ್. ಆಮೇಲೆ ಐರ್ಲೆಂಡನ್ನು ಗೆದ್ದರು. ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಹಾಕಿ ಆಟಗಾರ್ತಿ ಅವರು. ಆಗಸ್ಟ್ 2ರಂದು ಬಲಿಷ್ಠ ಆಸ್ಟ್ರೇಲಿಯಾವನ್ನು ಒಂದು ಗೋಲಿನಿಂದ ಸೋಲಿಸಿದರು. ಸಿನಿಮಾ ಆಗಿದ್ದರೆ ಇಲ್ಲಿಂದ ಚಿನ್ನದ ಪದಕಕ್ಕೆ ನೇರ ದಾರಿ.

ಆಗಸ್ಟ್ 4ರಂದು ಸೆಮಿಫೈನಲಿನಲ್ಲಿ ಅರ್ಜೆಂಟೀನಾ ವಿರುದ್ಧ ಸೋತರು. ಆ ದಿನ ಹರಿದ್ವಾರದ ಹತ್ತಿರ ವಂದನಾ ಅವರ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು, ಕುಣಿದು, ಜಾತಿ ಹಿಡಿದು ಬೈದರು. ತಂಡದಲ್ಲಿ ದಲಿತರು ಇದ್ದದ್ದರಿಂದ ಸೋತಿತು ಎಂಬ ಮಾತು. ಆ ಹೆಣ್ಣುಮಗಳು ಅದೇ ವರ್ಷ ತಂದೆಯನ್ನು ಕಳೆದುಕೊಂಡವಳು. ಶಿಬಿರ ಬಿಟ್ಟು ಕೊನೆಯ ದರ್ಶನಕ್ಕೂ ಹೋಗಲು ಆಗಿರಲಿಲ್ಲ. ಎರಡು ದಿನದ ನಂತರ, ಆಗಸ್ಟ್ 6ರಂದು, ಕಂಚಿನ ಪದಕಕ್ಕೆ ಬ್ರಿಟನ್ ಎದುರು ಆಟ. ಎರಡು ಗೋಲು ಹಿಂದೆ ಬಿದ್ದ ಭಾರತ ಮೂರು ಗೋಲು ಹೊಡೆದು ಮುಂದೆ ಬಂತು. ಮೂರನೆಯದನ್ನು ಹೊಡೆದವರು ವಂದನಾ. ಕೊನೆಗೆ 4–3ರಿಂದ ಬ್ರಿಟನ್ ಗೆದ್ದಿತು. ನಮ್ಮ ಹುಡುಗಿಯರು ಮೈದಾನದಲ್ಲೇ ಕುಸಿದು ಅತ್ತರು.

ಪದಕ ಇಲ್ಲ. ಆದರೂ ನಾನು ಕೇಳುತ್ತೇನೆ: ಸಿನಿಮಾದ ವಿಶ್ವಕಪ್ ದೊಡ್ಡದೋ, ಮನೆಯ ಮುಂದೆ ಬೈಗುಳ ಕೇಳಿಸಿಕೊಂಡ ಎರಡೇ ದಿನಕ್ಕೆ ಹೊಡೆದ ಆ ಗೋಲು ದೊಡ್ಡದೋ? ಆ ಗೋಲನ್ನು ಯಾವ ಕಥೆಗಾರನೂ ಬರೆದುಕೊಟ್ಟಿರಲಿಲ್ಲ.

ಶರಣ ಬಂಧುಗಳೇ, ಇದು ನಮಗೆ ಹೊಸದಲ್ಲ. ಕಲ್ಯಾಣದಲ್ಲಿ ಬಸವಣ್ಣನವರು ಮಾಡಿದ ಕೆಲಸವೇ ಲೆಕ್ಕಕ್ಕಿಲ್ಲದವರನ್ನು ಲೆಕ್ಕಕ್ಕೆ ತಂದದ್ದು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಒಟ್ಟಿಗೆ ಕುಳಿತ ಮಂಟಪ ಅದು. ಸಮಗಾರ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕೆ ಎಳೆಹೂಟೆಯ ಶಿಕ್ಷೆಯಾಯಿತು. ಶರಣರು ಕಲ್ಯಾಣ ಬಿಟ್ಟು ಚದುರಿದರು. ಆ ದಿನ ಫಲಿತಾಂಶದ ಹಲಗೆ ಬರೆದಿದ್ದರೆ ಬಿಜ್ಜಳನ ಕಡೆಯವರು ಗೆದ್ದರೆಂದೇ ಬರೆಯಬೇಕಿತ್ತು. ಇವತ್ತು ಅರಸೀಕೆರೆಯಲ್ಲಿ ನಾವು ಯಾರ ಹೆಸರು ಹೇಳಿ ಕೂಡಿದ್ದೇವೆ? ಸೋತವರ ಹೆಸರು ಹೇಳಿ. ಬಾಲೂ ಅವರಿಗೂ ಹರಳಯ್ಯನವರಿಗೂ ನಡುವೆ ಏಳುನೂರು ವರ್ಷಕ್ಕೂ ಹೆಚ್ಚು ಅಂತರ. ಕಸುಬು ಒಂದೇ, ಕೇಳಿದ್ದೂ ಒಂದೇ: ನಮ್ಮನ್ನೂ ಎಣಿಸಿ ಎಂದು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ವಾರ ಪತ್ರಿಕೆ ತೆರೆಯಲು ನನಗೆ ಹೆದರಿಕೆಯಾಗುತ್ತದೆ. ಫೇಲಾದನೆಂದು ಬಾವಿಗೆ ಬಿದ್ದ ಹುಡುಗ, ಅಂಕ ಕಡಿಮೆ ಬಂತೆಂದು ಹಗ್ಗ ಹಿಡಿದ ಹುಡುಗಿ. ನಮ್ಮ ನಿಲಯದಲ್ಲೇ ಕಳೆದ ವರ್ಷ ಇಬ್ಬರು ಮಕ್ಕಳು ಮೊದಲ ಪರೀಕ್ಷೆಯಲ್ಲಿ ನಪಾಸಾಗಿ, ಗಂಟುಮೂಟೆ ಕಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ಸರ್ಕಾರ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇಟ್ಟಿದೆ. ಅವಕಾಶ ಇತ್ತು, ಸೋತ ಮೇಲೆ ಮುಖ ಎತ್ತಿಕೊಂಡು ಮತ್ತೆ ಬರುವ ಅಭ್ಯಾಸ ಇರಲಿಲ್ಲ. ಆ ಅಭ್ಯಾಸವನ್ನು ಅವರಿಗೆ ಎಲ್ಲಿ ಕಲಿಸಿದ್ದೆವು? ಪಾಠದಲ್ಲಿ ಪಾಸು, ಭಾಷಣದಲ್ಲಿ ಸಾಧನೆ, ಸಿನಿಮಾದಲ್ಲಿ ಗೆಲುವು. ನಮ್ಮ ಮಕ್ಕಳು ಗೆಲ್ಲುವುದನ್ನು ಸಾಕಷ್ಟು ನೋಡಿದ್ದಾರೆ. ಸೋಲುವುದನ್ನು ಕಲಿತಿಲ್ಲ.

ಜಾತ್ರೆಯ ಕುಸ್ತಿ ನೋಡಿದ ಹಿರಿಯರು ಇಲ್ಲಿದ್ದೀರಿ. ಹಲಗೆ ಬಾರಿಸುತ್ತಾರೆ, ಜೋಡಿ ಇಳಿಯುತ್ತದೆ, ಕಣದ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ. ಒಬ್ಬ ಚಿತ್ ಆಗಲೇಬೇಕು. ಸಾವಿರ ಜನರ ಮುಂದೆ ಬೆನ್ನಿಗೆ ಮಣ್ಣು ಹತ್ತಿದವನು ಎದ್ದು, ಗೆದ್ದವನನ್ನು ತಬ್ಬಿ, ಬೆನ್ನು ಝಾಡಿಸಿಕೊಂಡು ಹೊರಗೆ ಬರುತ್ತಾನೆ. ಮುಂದಿನ ಜಾತ್ರೆಗೆ ಮತ್ತೆ ಇಳಿಯುತ್ತಾನೆ. ಗರಡಿ ಮನೆಯಲ್ಲಿ ಮೊದಲು ಕಲಿಸುತ್ತಿದ್ದದ್ದು ಬೀಳುವುದನ್ನು. ಕೆಡವುವ ಪಟ್ಟು ಆಮೇಲೆ.

ಕಬಡ್ಡಿಯ ನಿಯಮ ಇನ್ನೂ ಚೆಂದ. ಔಟಾದವನು ಹೊರಗೆ ಕೂರುತ್ತಾನೆ, ಆದರೆ ಅವನ ಆಟ ಮುಗಿಯಲಿಲ್ಲ. ತಂಡದವನು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಹೊರಗಿದ್ದವನು ಒಳಗೆ ಬರುತ್ತಾನೆ. ಒಬ್ಬನ ಶ್ರಮದಿಂದ ಇನ್ನೊಬ್ಬನಿಗೆ ಜೀವ. ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ನೇರ ಆಟ ಎಂದರೆ ಮೊಬೈಲಿನಲ್ಲಿ ಪಂದ್ಯ ನೋಡುವುದಷ್ಟೇ ಆದರೆ ಅದರಿಂದ ಲಾಭವಿಲ್ಲ, ಹಾನಿಯೇ ಹೆಚ್ಚು. ಪಂದ್ಯ ಶುರುವಾದರೆ ಬೆಟ್ಟಿಂಗು ಶುರುವಾಗುವ ಹಳ್ಳಿಗಳಿವೆ. ಮೆಕ್ಕೆಜೋಳ ಮಾರಿದ ದುಡ್ಡು ಒಂದು ರಾತ್ರಿಯಲ್ಲಿ ಹೋಗಿದೆ, ಬೈಕು ಅಡವಿಗೆ ಬಿದ್ದಿದೆ, ತಾಯಿಯ ಕೊರಳ ಸರವೂ ಹೋಗಿದೆ. ಬೆಟ್ಟಿಂಗ್ ಆಡುವವನಿಗೆ ಆಟಗಾರನ ಶ್ರಮ ಕಾಣುವುದಿಲ್ಲ. ಅಂಕಿ ಮಾತ್ರ ಕಾಣುತ್ತದೆ. ಅವನಿಗಿಂತ ಸಿನಿಮಾ ನೋಡಿ ಕಣ್ಣೀರು ಹಾಕಿದವನೇ ವಾಸಿ.

ಹಾಗಾದರೆ ನೋಡುವುದು ಸಾಲದು, ಆಡಬೇಕು. ಇದಕ್ಕೊಂದು ಪುರಾವೆ ಕೊಡುತ್ತೇನೆ. ಹೋದ ವರ್ಷ ರಜೆಗೆ ಮುಂಚೆ ನಿಲಯದ ಮಕ್ಕಳಿಗೆ ಟೀವಿಯಲ್ಲಿ ಒಂದು ಕ್ರೀಡಾ ಸಿನಿಮಾ ತೋರಿಸಿದರು. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು ಇಪ್ಪತ್ತು ಮಕ್ಕಳು ಉಚ್ಚಂಗಿದುರ್ಗದ ರಸ್ತೆಯಲ್ಲಿ ಓಡಿದರು. ಎರಡನೇ ದಿನ ಹನ್ನೆರಡು. ನಾಲ್ಕನೇ ದಿನ ಮೂವರು. ಐದನೇ ದಿನ ನಾನೊಬ್ಬನೇ ವಾಕಿಂಗ್. ಮಕ್ಕಳು ನಗುತ್ತಿದ್ದಾರೆ, ಅವರಿಗೆ ಗೊತ್ತು. ಸಿನಿಮಾದ ಸ್ಫೂರ್ತಿ ಒಣಹುಲ್ಲಿನ ಬೆಂಕಿಯಂತೆ. ಬೇಗ ಹತ್ತುತ್ತದೆ, ಬೆಳಕೂ ಕೊಡುತ್ತದೆ. ಅದರ ಕೆಳಗೆ ಕೊರಡು ಇಡದಿದ್ದರೆ ಅಡಿಗೆ ಬೇಯುವುದಿಲ್ಲ. ಆ ಕೊರಡೇ ದಿನದಿನದ ಅಭ್ಯಾಸ.

ಅಭ್ಯಾಸದ ಬಗ್ಗೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಪಕ್ಕದ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲಿ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ತಿರುಗಿ ಗದಗಿಗೆ ಬಂದು ಶಾಲೆಗೆ ಹೋಗುತ್ತಿದ್ದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್ ಎಸೆದು, ಅದರಲ್ಲಿ ಆರು ಮೇಡನ್, ಕೊಟ್ಟದ್ದು ಆರೇ ರನ್, ತೆಗೆದದ್ದು ಐದು ವಿಕೆಟ್. ಆ ಹತ್ತು ಓವರುಗಳ ಹಿಂದೆ ಎಷ್ಟು ನಸುಕುಗಳು ಇದ್ದಾವು ಎಂದು ಮಕ್ಕಳು ಲೆಕ್ಕ ಹಾಕಿ ನೋಡಲಿ.

ಈಗ ಸಮಿತಿಯ ಪ್ರಶ್ನೆಗೆ ನನ್ನ ಉತ್ತರ. ಅಂಗಳ ಮೊದಲು, ಪರದೆ ಆಮೇಲೆ. ತಿಂಗಳಿಗೊಂದು ಒಳ್ಳೆಯ ಸಿನಿಮಾವನ್ನು ಇರುವ ಟೀವಿಯಲ್ಲೇ ತೋರಿಸಬಹುದು. ತೋರಿಸಿದ ಮೇಲೆ ಅರ್ಧ ಗಂಟೆ ಕೂರಿಸಿ ಕೇಳಬೇಕು: ಇದರಲ್ಲಿ ನಿಜವಾಗಿ ನಡೆದದ್ದೆಷ್ಟು? ಸೋತವರು ಯಾರು, ಅವರ ಮನೆಯಲ್ಲಿ ಆ ರಾತ್ರಿ ಹೇಗಿದ್ದೀತು? ಗೆದ್ದ ಮರುದಿನ ಏನಾಗಿರಬಹುದು? ಹಾಗೆ ಕೇಳಿದರೆ ಸಿನಿಮಾವೂ ಪಾಠವಾಗುತ್ತದೆ.

ಅಂಗಳದ ಅಳತೆಯನ್ನು ನಾನೇ ತೆಗೆದಿದ್ದೇನೆ. ಗಂಡುಮಕ್ಕಳ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಖೋಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲ. ಮೂರೂ ಹಿಡಿಯುವಷ್ಟು ಜಾಗ ಹಿಂದಿನ ಬಯಲಿನಲ್ಲಿದೆ. ಪಡುವಣ ಮೂಲೆಯಲ್ಲಿ ಎರೆ ಮಣ್ಣಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮಕ್ಕಳ ಕಾಲು ಉಳುಕುತ್ತದೆ. ಅಲ್ಲಿ ಒಂದು ಅಡಿ ತೆಗೆದು ಗರಸು ತುಂಬಿ, ಅರ್ಧ ಅಡಿಗೊಂದು ಪದರದಂತೆ ನೀರು ಹಾಕಿ ರೋಲರ್ ಹೊಡೆಯಬೇಕು. ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ ಮಳೆ ನೀರು ನಿಲ್ಲುವುದಿಲ್ಲ. ಮೇಲೆ ನಾಲ್ಕು ಬೆರಳು ಜರಡಿ ಹಿಡಿದ ಕೆಮ್ಮಣ್ಣು. ಖರ್ಚಿನ ಅಂದಾಜು ಪಟ್ಟಿ ಸಮಿತಿಯ ಕೈಯಲ್ಲಿದೆ. ಟ್ರ್ಯಾಕ್ಟರ್ ಇರುವವರು ಒಂದೊಂದು ಲೋಡ್ ಮಣ್ಣು ದಾಸೋಹವೆಂದು ತಂದರೆ, ಉಳಿದವರು ಮೈದಣಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಎರಡು ಷರತ್ತು ಹಾಕುತ್ತೇನೆ, ಹಿರಿಯನೆಂದು ನಡೆಸಿಕೊಡಿ. ಮೊದಲನೆಯದು, ಹೆಣ್ಣುಮಕ್ಕಳ ಅಂಗಳ ಹುಡುಗರದು ಮುಗಿದ ಮೇಲೆ ಎನ್ನಬೇಡಿ. ಎರಡೂ ಒಂದೇ ದಿನ ತೆರೆಯಲಿ, ತಾಯಂದಿರು ಬದಿಯಲ್ಲಿ ಕುಳಿತು ನೋಡಲಿ. ಎರಡನೆಯದು, ಊರಿನ ಎಲ್ಲ ಕೇರಿಯ ಮಕ್ಕಳಿಗೂ ಈ ಅಂಗಳ ಸಲ್ಲಲಿ, ನೀರಿನ ಕೊಡ ಒಂದೇ ಇರಲಿ, ಲೋಟ ಒಂದೇ ಇರಲಿ. ಮಣ್ಣಿನ ಕುಡಿಕೆಯ ಕಥೆ ಕೇಳಿದ ಮೇಲೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಯೇ ನಿಲಯ ಬಿಟ್ಟು ಹೋದ ಆ ಇಬ್ಬರು ಮಕ್ಕಳ ಮನೆಗೆ ನಾನೂ ಮೇಷ್ಟ್ರೂ ಈ ವಾರ ಹೋಗಿಬರುತ್ತೇವೆ. ಅವರಲ್ಲಿ ಒಬ್ಬ ತಾಲ್ಲೂಕು ಮಟ್ಟದಲ್ಲಿ ಒಳ್ಳೆಯ ರೈಡರ್ ಎಂದು ಹೆಸರು ಮಾಡಿದ್ದವನು. ಪರೀಕ್ಷೆಗೆ ಮತ್ತೆ ಕೂರಲಿ, ಕಬಡ್ಡಿ ತಂಡಕ್ಕೂ ಬರಲಿ. ಹೊರಗೆ ಕುಳಿತವನನ್ನು ಒಳಗೆ ತರುವುದು ತಂಡದ ಉಳಿದವರ ಕೆಲಸ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಗುದ್ದಲಿ, ಸಲಿಕೆ, ಪುಟ್ಟಿ ತೆಗೆದುಕೊಂಡು ನಿಲಯದ ಹಿಂದಿನ ಬಯಲಿಗೆ ಬನ್ನಿ. ಅಳತೆಯ ದಾರ, ಸುಣ್ಣ ನಾನು ತರುತ್ತೇನೆ. ಪ್ರಸಾದದ ವ್ಯವಸ್ಥೆಯನ್ನು ಮಠ ಒಪ್ಪಿಕೊಂಡಿದೆ.